ಎಫ್-16ರ ಗಾಜಿನ ಗುಳ್ಳೆ: ಗೆರೆ ತೆಗೆದು, ಹೊಳಪು ಕೊಟ್ಟು, ಚಿನ್ನದ ಛಾಯೆ ಹತ್ತಿಸಿದ ಕೆಲಸ

ಎಫ್-16 ಯುದ್ಧವಿಮಾನದ 1/48 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್‌ನಲ್ಲಿ ರಾಶಿ ಭಾಗಗಳಿರುತ್ತವೆ. ನೋಡುವವರ ಕಣ್ಣು ಮಾತ್ರ ಸೀದಾ ಕ್ಯಾನೊಪಿಗೇ, ಅಂದರೆ ಕಾಕ್‌ಪಿಟ್ ಮುಚ್ಚುವ ಪಾರದರ್ಶಕ ಭಾಗಕ್ಕೇ ಹೋಗುತ್ತದೆ. ಈ ವಿಮಾನದಲ್ಲಂತೂ ಅದು ಇನ್ನೂ ಜಾಸ್ತಿ. ಪೈಲಟ್‌ನ ಮುಖದ ಎದುರಿಗೆ ಕಮಾನಿಲ್ಲ, ಕಂಬಿಯಿಲ್ಲ. ಮೂತಿಯ ಹತ್ತಿರದಿಂದ ಸೀಟಿನ ಹಿಂದಿನವರೆಗೆ ಪಾಲಿಕಾರ್ಬೊನೇಟ್‌ನ ಒಂದೇ ಗುಳ್ಳೆ. ಯಲಹಂಕದ ಏರೋ ಇಂಡಿಯಾದಲ್ಲಿ ಎಫ್-16 ಹಾರುವುದನ್ನು ನೋಡಿದವರಿಗೆ ಗೊತ್ತಿರುತ್ತದೆ: ವಿಮಾನ ಮಗ್ಗುಲಾದಾಗ ಬಿಸಿಲು ಬಿದ್ದು ಆ ಗುಳ್ಳೆ ಒಮ್ಮೆ ಹೊಳೆದು ಸುಮ್ಮನಾಗುತ್ತದೆ. ಮಾಡೆಲ್‌ನಲ್ಲಿ ಅದನ್ನು ಹಾಳು ಮಾಡಿದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಅಷ್ಟೇ. ಹಾಗಾಗಿ ಈ ಸಲ ಬಾಡಿ ಅಂಟಿಸುವ ಮೊದಲೇ ಕ್ಯಾನೊಪಿಯ ಕೆಲಸ ಹಿಡಿದೆ.

ಸ್ಪ್ರೂನಲ್ಲಿರುವ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಭಾಗವನ್ನು ಬೆಳಕಿಗೆ ಹಿಡಿದರೆ ಮೊದಲು ಕಾಣುವುದು ನೆತ್ತಿಯ ಮೇಲೆ ಹಿಂದಿನಿಂದ ಮುಂದಕ್ಕೆ ಓಡುವ ಕೂದಲಷ್ಟು ಸಣ್ಣ ಗೆರೆ. ಹೊಸಬರು ಇದನ್ನು ನೋಡಿ ಕಿಟ್ ಡ್ಯಾಮೇಜ್ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಎಫ್-16ರ ಕ್ಯಾನೊಪಿಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಬುಡಕ್ಕಿಂತ ನಡು ಅಗಲ. ಮೇಲೆ ಕೆಳಗೆ ಎರಡೇ ಹೋಳಿರುವ ಅಚ್ಚಿನಿಂದ ಅಂಥ ಆಕಾರ ಹೊರಗೆ ಬರುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಹೊರಗಿನ ಅಚ್ಚು ಎಡಕ್ಕೆ, ಬಲಕ್ಕೆ ಸರಿಯಬೇಕು. ಆ ಎರಡು ಹೋಳು ಕೂಡುವ ಜಾಗವೇ ಈ ಗೆರೆ. ಗೆರೆ ಬೇಡ ಎಂದು ಪಕ್ಕೆಗಳನ್ನು ನೇರವಾಗಿ ಇಳಿಸಿದ ಕಿಟ್‌ಗಳೂ ಉಂಟು. ಅವುಗಳಲ್ಲಿ ಉಜ್ಜುವ ಕೆಲಸ ಇಲ್ಲ, ಆದರೆ ಎದುರಿನಿಂದ ನೋಡಿದರೆ ವಿಮಾನದ ತಲೆಯೇ ಬೇರೆ ಯಾವುದರದ್ದೋ ಅನ್ನಿಸುತ್ತದೆ. ನನ್ನನ್ನು ಕೇಳಿದರೆ ಗೆರೆ ಇದ್ದರೂ ಪರವಾಗಿಲ್ಲ, ಆಕಾರ ಸರಿ ಇರಬೇಕು. ಗೆರೆಯನ್ನು ನಾವು ತೆಗೆಯಬಹುದು, ಆಕಾರವನ್ನು ತಿದ್ದಲು ಆಗುವುದಿಲ್ಲ.

ಕತ್ತರಿಸುವಾಗಲೇ ಒಂದು ಎಚ್ಚರಿಕೆ. ಪಾರದರ್ಶಕ ಪಾಲಿಸ್ಟೈರೀನ್ ಬೂದು ಬಣ್ಣದ ಪ್ಲಾಸ್ಟಿಕ್‌ನ ಹಾಗೆ ಬಾಗುವುದಿಲ್ಲ, ಪಟ್ಟೆಂದು ಸೀಳುತ್ತದೆ. ನಿಪ್ಪರ್ ಅನ್ನು ಭಾಗಕ್ಕೆ ತೀರಾ ಹತ್ತಿರ ಒತ್ತಿದರೆ ಭಾಗವನ್ನು ಸ್ಪ್ರೂಗೆ ಹಿಡಿದಿರುವ ಕೊಂಡಿಯ, ಅಂದರೆ ಗೇಟ್‌ನ ಬುಡದಿಂದ ಬಿರುಕು ಒಳಗೆ ಓಡಬಹುದು. ಹಾಗೆ ಓಡಿದ ಬಿರುಕಿಗೆ ಯಾವ ಕೋಟ್ ಕೊಟ್ಟರೂ ಪ್ರಯೋಜನ ಇಲ್ಲ. ನಾನು ಸಣ್ಣ ಹಲ್ಲಿನ ರೇಜರ್ ಗರಗಸದಲ್ಲಿ ದೂರದಿಂದ ಕೊಯ್ದು, ಉಳಿದ ಮೊಟಕನ್ನು ಫೈಲ್‌ನಲ್ಲಿ ಸವೆಸಿದೆ. ಒಂದು ಮೊಟಕನ್ನು ಬೇಕೆಂದೇ ಉಳಿಸಿಕೊಂಡೆ. ಕ್ಯಾನೊಪಿಯ ಹಿಂದಿನ ಅಂಚಿನಲ್ಲಿ, ಆಮೇಲೆ ಮುಚ್ಚಿಹೋಗುವ ಕಡೆ. ಮುಂದೆ ಹೊಳಪಿನ ದ್ರವದಲ್ಲಿ ಅದ್ದುವಾಗ ಚಿಮುಟದಲ್ಲಿ ಹಿಡಿಯಲು ಒಂದು ಕಿವಿ ಬೇಕಲ್ವಾ.

ಗೆರೆ ತೆಗೆಯುವುದಕ್ಕೆ ಮೊದಲು ಒಳಗಿನ ಆಸರೆ. ಬ್ಲೂ ಟ್ಯಾಕ್ ಥರದ ಅಂಟುಮುದ್ದೆಯನ್ನು ಗುಳ್ಳೆಯ ಒಳಗೆ ತುಂಬಿ, ಒಂದು ಮರದ ತುಂಡಿನ ಮೇಲೆ ಕೂರಿಸಿದೆ. ಒಳಗೆ ಟೊಳ್ಳಾಗಿದ್ದರೆ ಬೆರಳಿನ ಒತ್ತಡಕ್ಕೇ ಬಿರಿಯಬಹುದು. ಕೆಳ ಅಂಚಿನ ಚೌಕಟ್ಟಿನ ಮೇಲೆ ಎರಡು ಪದರ ಟೇಪ್ ಹಾಕಿದೆ, ಅಲ್ಲಿನ ಸಣ್ಣ ರಿವೆಟ್ ಗುರುತುಗಳು ಸವೆಯಬಾರದು ಅಂತ. ಆಮೇಲೆ ಹೊಸ ಬ್ಲೇಡ್ ಅನ್ನು ಮೇಲ್ಮೈಗೆ ಲಂಬವಾಗಿ ಹಿಡಿದು, ಕೊಯ್ಯದೆ ಬರೀ ಹೆರೆಯುತ್ತಾ ಹೋದೆ. ತೆಳ್ಳನೆ ಬಿಳಿ ಪುಡಿ ಏಳುತ್ತದೆ. ಉಗುರನ್ನು ಅಡ್ಡಕ್ಕೆ ಎಳೆದಾಗ ಎಲ್ಲೂ ತಡೆಯಲಿಲ್ಲ ಅಂದರೆ ಹೆರೆಯುವುದು ಸಾಕು. ಉಗುರಿಗಿಂತ ಒಳ್ಳೆಯ ಅಳತೆಗೋಲು ನನಗಂತೂ ಸಿಕ್ಕಿಲ್ಲ.

ಈಗ ವಾಟರ್ ಪೇಪರ್. ಕಾರಿಗೆ ಪೇಂಟ್ ಹೊಡೆಯುವವರು ಬಳಸುವ ಅದೇ ಕಪ್ಪು ಹಾಳೆ, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. 1000, 1500, 2000 ನಂಬರ್. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಕೊಂಡರೆ ಹಾಳೆ ಜಾರುತ್ತದೆ, ಪುಡಿ ಕಚ್ಚಿಕೊಳ್ಳುವುದಿಲ್ಲ. ಪ್ರತಿ ನಂಬರ್‌ಗೂ ದಿಕ್ಕು ಬದಲಿಸಬೇಕು. 1000 ಉದ್ದಕ್ಕೆ ಉಜ್ಜಿದರೆ 1500 ಅಡ್ಡಕ್ಕೆ. ಹಿಂದಿನ ಹಾಳೆಯ ಗೀರು ಪೂರ್ತಿ ಹೋಯಿತೋ ಇಲ್ಲವೋ ಎಂಬುದು ಹೀಗೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ಮಾತು: ಗೆರೆ ಇದ್ದ ಜಾಗವನ್ನಷ್ಟೇ ಉಜ್ಜಬೇಡಿ. ಅಲ್ಲಿ ಸಣ್ಣ ಹಳ್ಳ ಬೀಳುತ್ತದೆ. ಪಾರದರ್ಶಕ ಭಾಗದಲ್ಲಿ ಹಳ್ಳ ಅಂದರೆ ಲೆನ್ಸ್. ಹಿಂದಿರುವ ಸೀಟು ಆ ಜಾಗದಲ್ಲಿ ತಿರುಚಿಕೊಂಡು ಕಾಣುತ್ತದೆ. ಗೆರೆಯ ಎರಡೂ ಕಡೆ ಅಗಲವಾಗಿ, ಹರಡಿಕೊಂಡು ಉಜ್ಜಬೇಕು.

2000 ಮುಗಿದಾಗ ಕ್ಯಾನೊಪಿಯ ನೆತ್ತಿ ಪೂರ್ತಿ ಮಸುಕು. ಬಾತ್‌ರೂಮಿನ ಕಿಟಕಿ ಗಾಜಿನ ಹಾಗೆ. ಇಷ್ಟು ದುಡ್ಡು ಕೊಟ್ಟು ತಂದ ಭಾಗದ ಗತಿ ಇದಾ ಅಂತ ಎದೆ ಧಸಕ್ಕೆನ್ನುವ ಹಂತ ಇದೇ. ಹೆದರಬೇಕಾಗಿಲ್ಲ.

ಪಾಲಿಶ್‌ಗೆ ಟಮಿಯಾದ ಕಾಂಪೌಂಡ್ ಟ್ಯೂಬ್‌ಗಳನ್ನು ಬಳಸಿದೆ: ಕೋರ್ಸ್, ಫೈನ್, ಫಿನಿಶ್, ಇದೇ ಕ್ರಮದಲ್ಲಿ. ಪ್ರತಿಯೊಂದಕ್ಕೂ ಬೇರೆ ಬಟ್ಟೆ. ಹಳೇ ಬನಿಯನ್ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ಹೊಲಿಗೆ ಇರುವ ಕಡೆ ಬೇಡ. ಸಣ್ಣ ಸಣ್ಣ ವೃತ್ತದಲ್ಲಿ ಉಜ್ಜಿ, ಕೊನೆಗೆ ಉದ್ದಕ್ಕೆ. ಮೋಟರಿನ ರೋಟರಿ ಟೂಲ್ ಇದ್ದವರಿಗೆ ಅದನ್ನು ಹಚ್ಚುವ ಆಸೆ ಬರುತ್ತದೆ. ಬೇಡ. ಪಾಲಿಸ್ಟೈರೀನ್ ಬಿಸಿಗೆ ಬೇಗ ಮೆತ್ತಗಾಗುತ್ತದೆ, ಒಂದು ಕ್ಷಣ ಜಾಸ್ತಿ ಒತ್ತಿದರೂ ಮೇಲ್ಮೈ ಕಲಸಿಹೋಗುತ್ತದೆ. ಕಾಂಪೌಂಡ್ ಸಿಗದಿದ್ದರೆ ಬಿಳಿ ಟೂತ್‌ಪೇಸ್ಟ್‌ನಲ್ಲೂ ಒಂದು ಮಟ್ಟದವರೆಗೆ ನಡೆಯುತ್ತದೆ. ಜೆಲ್ ಪೇಸ್ಟ್ ಅಲ್ಲ, ಸಾದಾ ಬಿಳಿಯದು.

ಕೆಲಸ ಮುಗಿಯಿತಾ ಅಂತ ನೋಡಲು ನಾನು ಕಿಟಕಿಯ ಹತ್ತಿರ ಹೋಗುತ್ತೇನೆ. ಕಿಟಕಿ ಸರಳುಗಳ ಪ್ರತಿಬಿಂಬ ಗುಳ್ಳೆಯ ಮೇಲೆ ಬೀಳುತ್ತದೆ. ಭಾಗವನ್ನು ನಿಧಾನವಾಗಿ ತಿರುಗಿಸಿದರೆ ಆ ಸರಳುಗಳು ನೆತ್ತಿಯ ಮೇಲೆ ಹಾದುಹೋಗುತ್ತವೆ. ಗೆರೆ ಇದ್ದ ಜಾಗ ದಾಟುವಾಗ ಸರಳು ತುಸು ಕೊಂಕಿದರೆ ಅಲ್ಲಿ ಇನ್ನೂ ದಿಣ್ಣೆಯೋ ಹಳ್ಳವೋ ಇದೆ ಎಂದರ್ಥ. ನೇರವಾಗಿ ಜಾರಿಹೋದರೆ ಸರಿ. ಕ್ಯಾನೊಪಿಯ ಮೂಲಕ ಹಿಂದಿನದನ್ನು ನೋಡಿದರೆ ಈ ಕೊಂಕು ಅಷ್ಟಾಗಿ ಗೊತ್ತಾಗುವುದಿಲ್ಲ. ಮೇಲ್ಮೈಯ ಪ್ರತಿಬಿಂಬವನ್ನೇ ನೋಡಬೇಕು.

ಇಷ್ಟಾದ ಮೇಲೆ ಹೊಳಪು ಕೋಟ್, ಅಂದರೆ ಪಾರದರ್ಶಕ ಅಕ್ರಿಲಿಕ್ ದ್ರವದ ಪದರ, ಯಾಕೆ ಬೇಕು? ಚೆನ್ನಾಗಿ ಪಾಲಿಶ್ ಆದ ಭಾಗಕ್ಕೆ ಅದು ಬೇಡವೇ ಬೇಡ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೆ ಪಾಲಿಶ್ ಎಷ್ಟೇ ಮಾಡಿದರೂ ಕಣ್ಣಿಗೆ ಕಾಣದ ಗೀರುಗಳು ಉಳಿದೇ ಇರುತ್ತವೆ. ಗೀರಿನೊಳಗೆ ಇರುವುದು ಗಾಳಿ. ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎನ್ನುವ ಅಳತೆ) 1, ಪಾಲಿಸ್ಟೈರೀನ್‌ನದು ಸುಮಾರು 1.59. ಇಷ್ಟು ಅಂತರ ಇರುವ ಕಡೆ ಬೆಳಕು ಚದುರುತ್ತದೆ, ನಮಗೆ ಮಸುಕಾಗಿ ಕಾಣುತ್ತದೆ. ಅಕ್ರಿಲಿಕ್‌ನ ಸೂಚ್ಯಂಕ ಸುಮಾರು 1.49. ಗೀರಿನೊಳಗೆ ಗಾಳಿಯ ಬದಲು ಅಕ್ರಿಲಿಕ್ ತುಂಬಿಕೊಂಡರೆ ಅಂತರ ಕಡಿಮೆಯಾಗಿ ಗೀರು ಹೆಚ್ಚು ಕಡಿಮೆ ಮಾಯವಾಗುತ್ತದೆ. ಉಜ್ಜಿದ ಪ್ಲಾಸ್ಟಿಕ್ ಮೇಲೆ ನೀರು ಬಿದ್ದಾಗ ಅಷ್ಟು ಹೊತ್ತು ಸ್ವಚ್ಛವಾಗಿ ಕಾಣುವುದೂ ಇದೇ ಕಾರಣಕ್ಕೆ. ಕೋಟ್ ತುಂಬುವುದು ಸಣ್ಣ ಗೀರುಗಳನ್ನು ಮಾತ್ರ. 1000 ನಂಬರ್‌ನ ಗೀರು ಉಳಿದಿದ್ದರೆ ಕೋಟ್ ಅದನ್ನು ಮುಚ್ಚುವ ಬದಲು ಮಿಂಚಿಸಿ ತೋರಿಸುತ್ತದೆ. ಕೋಟ್ ನೋಡಿಕೊಳ್ಳುತ್ತೆ ಬಿಡು ಅಂತ ಉಜ್ಜುವುದನ್ನು ಅರ್ಧಕ್ಕೆ ನಿಲ್ಲಿಸಿದವರಿಗೆ ಆಗುವುದು ಇದೇ.

ಎರಡನೇ ಲಾಭ ರಕ್ಷಣೆ. ಸೂಪರ್ ಗ್ಲೂ ಗಟ್ಟಿಯಾಗುವಾಗ ಅದರಿಂದ ಆವಿ ಏಳುತ್ತದೆ. ಆ ಆವಿ ಗಾಳಿಯ ತೇವ ಹಿಡಿದು, ಬೆರಳಿನ ಜಿಡ್ಡು ಇರುವ ಕಡೆ ಬಿಳಿಯಾಗಿ ಕೂರುತ್ತದೆ. ಪೊಲೀಸರು ಬೆರಳಚ್ಚು ಎತ್ತಲು ಬಳಸುವುದೂ ಇದೇ ಗುಣವನ್ನು. ಮುಚ್ಚಿದ ಕಾಕ್‌ಪಿಟ್‌ನ ಒಳಗೆ ಹೀಗಾದರೆ ಕ್ಯಾನೊಪಿಯ ಒಳಮೈ ಮಂಜು ಕವಿದಂತಾಗಿ ಒರೆಸಲೂ ಆಗುವುದಿಲ್ಲ. ಅಕ್ರಿಲಿಕ್ ಪದರ ಇದ್ದರೆ ಪ್ಲಾಸ್ಟಿಕ್ ಬಹುಮಟ್ಟಿಗೆ ಬಚಾವ್.

ಮಾಡೆಲರ್‌ಗಳ ಬಾಯಲ್ಲಿ ಇದಕ್ಕೆ ಬಂದ ಹೆಸರು ಫ್ಯೂಚರ್. ಅಮೆರಿಕದಲ್ಲಿ ನೆಲಕ್ಕೆ ಹೊಳಪು ಕೊಡಲು ಮಾರುತ್ತಿದ್ದ ಅಕ್ರಿಲಿಕ್ ದ್ರವ, ಎಸ್‌ಸಿ ಜಾನ್ಸನ್ ಕಂಪನಿಯದು. ಬ್ರಿಟನ್‌ನಲ್ಲಿ ಇದೇ ಬಗೆಯದಕ್ಕೆ ಕ್ಲಿಯರ್ ಎಂಬ ಹೆಸರಿತ್ತು. ಆಮೇಲೆ ಅಮೆರಿಕದ ಬಾಟಲಿಯ ಮೇಲೆ ಪ್ಲೆಡ್ಜ್ ಅಂತ ಬಂತು. ಈಗ ತಯಾರಿಕೆಯೇ ನಿಂತಿದೆ. ನೆಲ ಒರೆಸುವವರಿಗಿಂತ ಮಾಡೆಲ್ ಮಾಡುವವರೇ ಜಾಸ್ತಿ ಬೇಜಾರು ಮಾಡಿಕೊಂಡರು ಅಂತ ಕಾಣುತ್ತದೆ. ನನ್ನ ಹತ್ತಿರ ಇರುವುದು ಅಲ್ಲಿರುವ ತಂಗಿ ರಜೆಗೆ ಬಂದಾಗ ತಂದುಕೊಟ್ಟ ಬಾಟಲಿ. ಇದು ಸಿಗದವರಿಗೆ ಆಲ್‌ಕ್ಲಾಡ್‌ನ ಆಕ್ವಾ ಗ್ಲಾಸ್ (Aqua Gloss) ಅಥವಾ ಎಕೆ ಇಂಟರಾಕ್ಟಿವ್‌ನ ಗಾಜಿ ಏಜೆಂಟ್ (Gauzy Agent) ಇದೆ. ಗಾಜಿ ಏಜೆಂಟ್ ಅನ್ನು ಕ್ಯಾನೊಪಿಗೆಂದೇ ಮಾಡಿದ್ದಾರೆ. ಬೆಲೆ ನೋಡಿದರೆ ನೆಲಕ್ಕೆ ಸುರಿಯುವ ಮನಸ್ಸಂತೂ ಬರುವುದಿಲ್ಲ.

ಅದ್ದುವ ಮೊದಲು ತೊಳೆಯುವುದು. ಕಾಂಪೌಂಡ್‌ನ ಜಿಡ್ಡು ಮೂಲೆಗಳಲ್ಲಿ ಕೂತಿದ್ದರೆ ಕೋಟ್ ಅಲ್ಲಿ ಹಿಡಿಯದೆ ಸರಿದುಹೋಗಿ ಮೀನಿನ ಕಣ್ಣಿನಷ್ಟು ದುಂಡನೆ ಖಾಲಿ ಜಾಗ ಬಿಡುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ಲಿಕ್ವಿಡ್, ಮೆತ್ತನೆ ಬ್ರಶ್. ಬಿಸಿ ನೀರು ಬೇಡ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಬಾರದು. ಒರೆಸಿದರೆ ಪ್ಲಾಸ್ಟಿಕ್‌ಗೆ ಸ್ಥಾಯೀ ವಿದ್ಯುತ್ ಬಂದು ಕೋಣೆಯ ಧೂಳೆಲ್ಲ ಅದರ ಮೇಲೆ ಬಂದು ಕೂರುತ್ತದೆ. ನೀರು ಝಾಡಿಸಿ, ಮುಚ್ಚಳ ಇರುವ ಡಬ್ಬದೊಳಗೆ ತಾನಾಗಿ ಒಣಗಲು ಬಿಟ್ಟೆ. ಇಲ್ಲಿಂದ ಮುಂದೆ ಬರಿಗೈ ಮುಟ್ಟಿಸುವಂತಿಲ್ಲ, ಬರೀ ಚಿಮುಟ.

ಧೂಳಿನ ವಿಷಯದಲ್ಲಿ ನನ್ನದು ಸ್ವಲ್ಪ ಮಡಿ ಜಾಸ್ತಿ. ಫ್ಯಾನ್ ಬಂದ್. ಉಣ್ಣೆ ಸ್ವೆಟರ್ ಹಾಕಿಕೊಂಡು ಹತ್ತಿರ ಬರುವಂತಿಲ್ಲ. ನೆಲಕ್ಕೆ ಒದ್ದೆ ಬಟ್ಟೆ ಒರೆಸಿ, ಆ ಧೂಳು ಕೂತ ಮೇಲೆ ಕೆಲಸ. ಅಗಲ ಬಾಯಿಯ ಸಣ್ಣ ಡಬ್ಬಿಗೆ ಫ್ಯೂಚರ್ ಅನ್ನು ಅಂಚಿನಿಂದ ನಿಧಾನವಾಗಿ ಬಗ್ಗಿಸಬೇಕು. ಕುಲುಕಿದರೆ ನೊರೆ. ನೊರೆ ಬಂದರೆ ಇಳಿಯುವವರೆಗೆ ಕಾಯದೆ ಬೇರೆ ದಾರಿಯಿಲ್ಲ.

ಕಿವಿಯನ್ನು ಚಿಮುಟದಲ್ಲಿ ಹಿಡಿದು ಕ್ಯಾನೊಪಿಯನ್ನು ಓರೆಯಾಗಿ ಇಳಿಸಿದೆ. ನೇರ ಬೋರಲು ಇಳಿಸಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಮುಳುಗಿದ ಮೇಲೆ ಒಂದು ಗಳಿಗೆ ಬಿಟ್ಟು ನಿಧಾನವಾಗಿ ಎತ್ತಿದೆ. ಎಷ್ಟು ನಿಧಾನವೋ ಅಷ್ಟು ತೆಳು ಪದರ. ಎತ್ತಿದಾಗ ದ್ರವ ಇಡೀ ಮೈಮೇಲೆ ಪರದೆಯಂತೆ ಇಳಿದು ಕೆಳ ಮೂಲೆಯಲ್ಲಿ ಒಂದು ದಪ್ಪ ಹನಿಯಾಗಿ ನಿಲ್ಲುತ್ತದೆ. ಆ ಮೂಲೆಯನ್ನು ಟಿಶ್ಯೂ ಪೇಪರಿಗೆ ಮುಟ್ಟಿಸಿದರೆ ಕಾಗದ ಅದನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಹನಿ ಕೂಡುತ್ತದೆ, ಅದನ್ನೂ ಹೀರಿಸಬೇಕು. ಹೊಳಪು ಕೋಟ್ ಕೆಟ್ಟಿತು ಎಂದು ದೂರುವವರ ಭಾಗವನ್ನು ನೋಡಿದರೆ ಬಹುತೇಕ ಸಲ ಕೆಟ್ಟಿರುವುದು ಈ ಹನಿ. ಅಂಚಿನಲ್ಲಿ ಅದು ದಪ್ಪಗೆ ಒಣಗಿ, ಕ್ಯಾನೊಪಿ ಬಾಡಿಯ ಮೇಲೆ ಕೂರುವುದೇ ಇಲ್ಲ. ಕೊನೆಗೆ ಮಡಿಸಿದ ಟಿಶ್ಯೂ ಮೇಲೆ ಅಂಚೂರಿ ಇಟ್ಟು, ಮೇಲೆ ಡಬ್ಬ ಬೋರಲು ಹಾಕಿದೆ.

ಒಂದು ಸಲ ಡಬ್ಬ ಎತ್ತಿ ನೋಡಿದಾಗ ಬಲಗಡೆ ಪಕ್ಕೆಯ ಮೇಲೆ ನೂಲಿನ ಎಳೆ ಮಲಗಿತ್ತು. ಇನ್ನೂ ಹಸಿಯಿತ್ತು. ಹಸಿ ಇರುವಾಗ ಚಿಮುಟದ ತುದಿಯಲ್ಲಿ ಅದನ್ನು ಕೀಳಲು ಹೋಗಬಾರದು, ಗೀರು ಬಿದ್ದೇ ಬೀಳುತ್ತದೆ. ಮತ್ತೆ ಪೂರ್ತಿ ಅದ್ದಿದರೆ ಎಳೆ ತೇಲಿ ಹೋಗುತ್ತದೆ. ಹಾಗೇ ಮಾಡಿದೆ, ಹೋಯಿತು. ಒಣಗಿದ ಮೇಲೆ ಕಂಡಿದ್ದರೆ ಉಪಾಯ ಬೇರೆ: ಮನೆಬಳಕೆಯ ಅಮೋನಿಯಾ ದ್ರಾವಣದಲ್ಲಿ ನೆನೆಸಿದರೆ ಫ್ಯೂಚರ್ ಪದರ ಕರಗಿ ಬರುತ್ತದೆ, ಪ್ಲಾಸ್ಟಿಕ್‌ಗೆ ಏನೂ ಆಗುವುದಿಲ್ಲ. ಈ ಒಂದು ಗುಣಕ್ಕೇ ನಾನು ಕ್ಯಾನೊಪಿಗೆ ಲ್ಯಾಕರ್ ಕ್ಲಿಯರ್ ಬಳಸುವುದಿಲ್ಲ. ಲ್ಯಾಕರ್ ಪದರ ಗಟ್ಟಿ, ಹೊಳಪೂ ಚೆನ್ನ. ಆದರೆ ಅದರ ಥಿನ್ನರ್ ಪಾಲಿಸ್ಟೈರೀನ್ ಅನ್ನೇ ತಿನ್ನುತ್ತದೆ. ಸ್ವಲ್ಪ ಒದ್ದೆಯಾಗಿ ಬಿದ್ದರೂ ಸಾಕು, ಜೇಡರ ಬಲೆಯಂಥ ಬಿರುಕು ಕಾಣಿಸಿಕೊಳ್ಳಬಹುದು. ಆಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ. ಅಮೋನಿಯಾ ಬಳಸುವಾಗ ಕಿಟಕಿ ತೆಗೆದಿರಲಿ, ಬ್ಲೀಚಿಂಗ್ ದ್ರಾವಣ ಹತ್ತಿರವೂ ಸುಳಿಯಬಾರದು. ಎರಡೂ ಸೇರಿದರೆ ವಿಷದ ಗಾಳಿ ಹುಟ್ಟುತ್ತದೆ.

ಒಣಗುವುದಕ್ಕೆ ಎರಡು ದಿನ ಬಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮುಟ್ಟಿದರೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಒಳಗೆ ಗಟ್ಟಿಯಾಗಿದೆ ಅಂತಲ್ಲ. ಬೇಗ ಟೇಪ್ ಹಾಕಿದರೆ ಟೇಪಿನ ಜೊತೆ ಪದರವೂ ಎದ್ದು ಬರುತ್ತದೆ.

ಇನ್ನು ಬಣ್ಣ. ನಿಜವಾದ ಎಫ್-16ಗಳಲ್ಲಿ ಹಲವಕ್ಕೆ ಕ್ಯಾನೊಪಿಯ ಮೇಲೆ ಇಂಡಿಯಂ ಟಿನ್ ಆಕ್ಸೈಡ್‌ನ ತೀರಾ ತೆಳುವಾದ ಲೇಪ ಇರುತ್ತದೆ. ರೇಡಾರ್ ಅಲೆಗಳು ಕಾಕ್‌ಪಿಟ್‌ನೊಳಗೆ ಹೊಕ್ಕು ಸೀಟು, ಪೈಲಟ್, ಉಪಕರಣಗಳಿಗೆ ಬಡಿದು ವಾಪಸ್ ಹೋಗದಂತೆ ಅದು ತಡೆಯುತ್ತದೆ. ಅದರಿಂದ ಬರುವುದೇ ಆ ಚಿನ್ನದ ಛಾಯೆ. ಎಲ್ಲ ವಿಮಾನಕ್ಕೂ ಒಂದೇ ಬಣ್ಣ ಅಲ್ಲ. ಕೆಲವು ಹೊಗೆಗಪ್ಪು, ಕೆಲವು ಹೆಚ್ಚುಕಡಿಮೆ ಸ್ವಚ್ಛ. ನಿಮ್ಮ ಡೀಕಾಲ್‌ನಲ್ಲಿರುವ (ಮಾಡೆಲ್ ಮೇಲೆ ಅಂಟಿಸುವ ಗುರುತು, ನಂಬರ್‌ಗಳ ಹಾಳೆ) ವಿಮಾನದ ಫೋಟೊ ನೋಡಿಯೇ ನಿರ್ಧರಿಸಿ. ಸೀಟಿನ ಹಿಂದೆ ಇರುವ ಸ್ಥಿರ ಗಾಜಿನ ತುಂಡಿಗೂ ಮುಂದಿನ ಗುಳ್ಳೆಗೂ ಛಾಯೆ ಬೇರೆ ಇರಬಹುದು, ಅದನ್ನೂ ಫೋಟೊದಲ್ಲೇ ನೋಡಿಕೊಳ್ಳಿ.

ಫ್ಯೂಚರ್‌ಗೇ ಬಣ್ಣ ಬೆರೆಸಿ ಅದ್ದುವವರಿದ್ದಾರೆ. ಸುಲಭ ನಿಜ, ಆದರೆ ಬಣ್ಣ ಕೆಳಗಿಳಿದು ಅಂಚು ಗಾಢವಾಗಿ ನೆತ್ತಿ ತೆಳುವಾಗುತ್ತದೆ. ನನಗೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಶ್ಶೇ ಸರಿ. ಟಮಿಯಾ ಎಕ್ಸ್-22 ಕ್ಲಿಯರ್ ಮೂಲವಾಗಿಟ್ಟುಕೊಂಡು ಅದಕ್ಕೆ ಎಕ್ಸ್-24 ಕ್ಲಿಯರ್ ಯೆಲ್ಲೊ, ಎಕ್ಸ್-19 ಸ್ಮೋಕ್ ಹನಿ ಹನಿಯಾಗಿ ಸೇರಿಸಿದೆ. ಹಳದಿ ಒಂದೇ ಆದರೆ ನಿಂಬೆ ಶರಬತ್ತಿನ ಬಣ್ಣ. ಸ್ಮೋಕ್ ಬಿದ್ದ ಮೇಲೇ ಚಿನ್ನದ ಕಡೆ ತಿರುಗುತ್ತದೆ. ಪ್ರಯೋಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚಮಚ ಇಟ್ಟುಕೊಳ್ಳಿ. ಅದರ ಕುಳಿ ಹೆಚ್ಚುಕಡಿಮೆ ಕ್ಯಾನೊಪಿಯ ಒಳಮೈಯ ಹಾಗೇ ಇರುವುದರಿಂದ ಬಣ್ಣ ಹೇಗೆ ಕೂರುತ್ತದೆ ಅಂತಲೂ ಗೊತ್ತಾಗುತ್ತದೆ. ಒಣಗಿದ ಚಮಚವನ್ನು ಬಿಳಿ ಹಾಳೆಯ ಮೇಲಲ್ಲ, ಬೂದು ಬಣ್ಣದ ಕಾಕ್‌ಪಿಟ್ ಮೇಲೆಯೇ ಹಿಡಿದು ನೋಡಬೇಕು. ಬಿಳಿ ಹಾಳೆಯ ಮೇಲೆ ಸರಿ ಅನ್ನಿಸಿದ ಬಣ್ಣ ಕಾಕ್‌ಪಿಟ್ ಮೇಲೆ ಕಾಣಿಸುವುದೇ ಇಲ್ಲ.

ಬಣ್ಣವನ್ನು ಒಳಗಡೆಗೆ ಹೊಡೆದೆ. ಹೊರಗಿನ ಹೊಳಪು ಹಾಗೇ ಉಳಿಯಲಿ, ಕೈ ತಾಗಿ ಬಣ್ಣ ಗೀಚದಿರಲಿ ಅಂತ. ಒಳಮೈಯ ತೊಂದರೆ ಏನೆಂದರೆ ಗುಳಿಯೊಳಗೆ ಹೋದ ಗಾಳಿ ಸುತ್ತಿ ಹಿಂದಕ್ಕೆ ಬರುತ್ತದೆ, ಬಣ್ಣ ಗಾಳಿಯಲ್ಲೇ ಒಣಗಿ ಒರಟು ಪುಡಿಯಾಗಿ ಕೂರುತ್ತದೆ. ಹಾಗಾಗಿ ಒತ್ತಡ ಕಮ್ಮಿ, 10ರಿಂದ 12 ಪಿಎಸ್‌ಐ. ಥಿನ್ನರ್ ಎಕ್ಸ್-20ಎ. ಅದರಲ್ಲಿ ಆಲ್ಕೋಹಾಲ್ ಇರುವುದರಿಂದ ಕೆಳಗಿನ ಫ್ಯೂಚರ್ ಪದರವನ್ನು ಮೆತ್ತಗೆ ಮಾಡುವ ಗುಣ ಇದೆ. ಮೊದಲ ಪದರಗಳನ್ನು ಮಂಜಿನಂತೆ ತೆಳುವಾಗಿ ಹಾಯಿಸಿ, ಒಣಗಲು ಬಿಟ್ಟು, ಆಮೇಲೆ ಒಂದು ತುಸು ಒದ್ದೆ ಪದರ. ಒಂದೇ ಸಲ ಬೇಕಾದ ಬಣ್ಣ ಬರಿಸಲು ಹೋದರೆ ಒಂದು ಕಡೆ ಹರಿದು ಕೂತುಬಿಡುತ್ತದೆ. ಬೇಕೆನ್ನಿಸಿದ್ದಕ್ಕಿಂತ ಒಂದು ಮಟ್ಟ ಕಮ್ಮಿಗೇ ನಿಲ್ಲಿಸಿದೆ. ಕ್ಯಾನೊಪಿ ಮುಚ್ಚಿದ ಮೇಲೆ ಒಳಗಿನ ಕತ್ತಲು ಸೇರಿ ಬಣ್ಣ ತಾನಾಗಿ ಗಾಢವಾಗಿ ಕಾಣುತ್ತದೆ.

ಮಾಸ್ಕಿಂಗ್, ಅಂದರೆ ಬಣ್ಣ ಬೀಳಬಾರದ ಕಡೆ ಟೇಪ್ ಮುಚ್ಚುವುದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕೆಳ ಚೌಕಟ್ಟೊಂದೇ ಬಣ್ಣ ಕಾಣುವ ಜಾಗ. ಸಪೂರ ಟೇಪನ್ನು ಅಂಚಿನ ಉದ್ದಕ್ಕೆ ಬಾಗಿಸಿ ಕೂರಿಸಿ, ನಡುವೆ ಉಳಿದದ್ದನ್ನು ತುಂಡು ಟೇಪುಗಳಿಂದ ಮುಚ್ಚಿದೆ. ಮೊದಲು ಕಪ್ಪು, ಅದರ ಮೇಲೆ ಬಾಡಿಯ ಬೂದು. ಒಳಗಿನಿಂದ ನೋಡಿದಾಗ ಚೌಕಟ್ಟು ಕಪ್ಪಾಗಿಯೇ ಕಾಣುತ್ತದೆ. ಟೇಪ್ ಕೀಳುವ ಮೊದಲು ಗೆರೆಯ ಉದ್ದಕ್ಕೆ ಹೊಸ ಬ್ಲೇಡ್ ಅನ್ನು ಹಗುರವಾಗಿ ಎಳೆದರೆ ಬಣ್ಣದ ಪದರ ಹರಿಯುವುದಿಲ್ಲ. ಇಡೀ ವಿಮಾನಕ್ಕೆ ಹೊಳಪಿಲ್ಲದ ಮ್ಯಾಟ್ ಕೋಟ್ ಹೊಡೆದು ಮುಗಿಯುವವರೆಗೆ ಗಾಜಿನ ಮೇಲಿನ ಟೇಪ್ ತೆಗೆಯಬೇಡಿ. ಮ್ಯಾಟ್ ಕೋಟ್‌ನ ಸಣ್ಣ ಸಿಂಪಡಿಕೆ ಬಿದ್ದರೂ ಇಷ್ಟು ಹೊತ್ತು ಮಾಡಿದ್ದೆಲ್ಲ ದಂಡ. ಮಳೆ ಬರುವ ದಿನ ಬಾಡಿಗೆ ಲ್ಯಾಕರ್ ಹೊಡೆಯುವುದೂ ಬೇಡ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಪದರದೊಳಗೆ ಸೇರಿ ಬೆಳ್ಳಗಾಗುತ್ತದೆ.

ಉಳಿದ ಗಾಜಿನ ಭಾಗಗಳು ಸಲೀಸು. ರೆಕ್ಕೆ ತುದಿಯ ದೀಪಕ್ಕೆ ಎಡಕ್ಕೆ ಕ್ಲಿಯರ್ ರೆಡ್, ಬಲಕ್ಕೆ ಕ್ಲಿಯರ್ ಗ್ರೀನ್. ಲ್ಯಾಂಡಿಂಗ್ ದೀಪದ ಗುಳಿಗೆ ಬೆಳ್ಳಿ ಬಣ್ಣ ಹಚ್ಚಿ, ಮೇಲೆ ಕ್ಲಿಯರ್‌ನ ಒಂದು ಹನಿ. ಹನಿ ತಾನೇ ಉಬ್ಬಿ ಲೆನ್ಸಿನ ಆಕಾರ ತಾಳುತ್ತದೆ. ಹಡ್‌ನ (ಪೈಲಟ್‌ನ ಕಣ್ಣೆದುರು ಮಾಹಿತಿ ತೋರಿಸುವ ಸಾಧನ) ಗಾಜಿಗೆ ಅಂಚಿನಲ್ಲಿ ಮಾತ್ರ ತುಸು ಹಸಿರು.

ಕ್ಯಾನೊಪಿ ಮುಚ್ಚಬೇಕೋ ತೆರೆದಿಡಬೇಕೋ ಎಂಬುದು ಕೊನೆಗೆ ಉಳಿದ ತಕರಾರು. ತೆರೆದಿಟ್ಟರೆ ಕಾಕ್‌ಪಿಟ್ ಚೆನ್ನಾಗಿ ಕಾಣುತ್ತದೆ, ಅದರ ಜೊತೆಗೆ ಪ್ಲಾಸ್ಟಿಕ್‌ನ ದಪ್ಪವೂ ಕಾಣುತ್ತದೆ. ಒಂದು ಮಿಲಿಮೀಟರ್ ದಪ್ಪ ಅಂದರೆ 1/48ರಲ್ಲಿ ಸುಮಾರು 5 ಸೆಂಟಿಮೀಟರ್ ಗಾಜು. ಅದಕ್ಕೆ ಯಾವ ಕೋಟ್‌ನಿಂದಲೂ ಪರಿಹಾರ ಇಲ್ಲ. ನಾನು ಮುಚ್ಚಿದೆ. ಅಂಟಿಗೆ ಫೆವಿಕಾಲ್, ಸ್ವಲ್ಪ ನೀರು ಬೆರೆಸಿ ಸಪೂರ ಬ್ರಶ್‌ನಲ್ಲಿ ಅಂಚಿಗೆ ಸವರಿದ್ದು. ಆವಿ ಇಲ್ಲ, ತೆಳುವಾಗಿ ಹಚ್ಚಿದರೆ ಒಣಗಿದ ಮೇಲೆ ಕಾಣುವುದೂ ಇಲ್ಲ, ಹೊರಗೆ ಒಸರಿದ್ದನ್ನು ಒದ್ದೆ ಇಯರ್‌ಬಡ್‌ನಲ್ಲಿ ಒರೆಸಬಹುದು. ಮುಚ್ಚುವ ಮೊದಲು ಒಳಗೆ ಧೂಳು ಇದೆಯೇ ಅಂತ ಟಾರ್ಚ್ ಹಿಡಿದು ನೋಡಿ, ಗಾಳಿ ಊದಿ, ಮತ್ತೆ ನೋಡಿ, ಟೇಪ್ ಸುತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಟೇಪ್ ತೆಗೆದಾಗ ಎಡಗಡೆ ಹಿಂದಿನ ಮೂಲೆಯಲ್ಲಿ ಬ್ಲೇಡ್ ತೂರುವಷ್ಟು ಸಂದು ಉಳಿದಿತ್ತು. ಅದಕ್ಕೂ ಅದೇ ಫೆವಿಕಾಲ್ ತುಂಬಿ, ಒಣಗಿದ ಮೇಲೆ ಬೂದು ಬಣ್ಣ ಮುಟ್ಟಿಸಿದೆ.